ಮಿನಿ ಟ್ರ್ಯಾಕ್ಟರಿಗೆ ಯಾವ ಮೋವರ್? ಸ್ಲಾಷರ್, ಫ್ಲೇಲ್, ಕಟರ್ ಬಾರ್ ಮೂರನ್ನೂ ಒರೆಗೆ ಹಚ್ಚಿ ನೋಡಿದಾಗ

ಬಯಲುಸೀಮೆಯ ಅಡಿಕೆ ತೋಟದಲ್ಲಿ ಸಾಲಿನಿಂದ ಸಾಲಿಗೆ 9 ಅಡಿ. ಎರಡೂ ಕಡೆ ಮರದ ಬುಡಕ್ಕೆ ಒಂದೊಂದು ಅಡಿ ಬಿಟ್ಟರೆ ಯಂತ್ರಕ್ಕೆ ಉಳಿಯುವ ಜಾಗ 7 ಅಡಿ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಕಳೆ ಕೊಚ್ಚುವ 4 ಅಡಿ ಅಗಲದ ಸ್ಲಾಷರ್ ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ ಓಡಿದರೆ ನಡುವಿನ ಒಂದಡಿ ಒಂದರ ಮೇಲೊಂದು ಬಿದ್ದು ಲೆಕ್ಕ ಸರಿಹೋಗುತ್ತದೆ. 5 ಅಡಿಯದನ್ನು ತಂದರೂ ಓಡಿಸುವುದು ಎರಡು ಸಲವೇ. ಮೂರಡಿ ಜಾಗವನ್ನು ಸುಮ್ಮನೆ ಎರಡೆರಡು ಬಾರಿ ಕೊಚ್ಚಿ ಡೀಸೆಲ್ ಸುಡಬೇಕು, ತಿರುವಿನಲ್ಲಿ ಮರಕ್ಕೂ ತಾಗಿಸಬೇಕು. ಮೂರೂವರೆ ಅಡಿಯದು ಕಾಗದದ ಮೇಲೆ ಎರಡು ಸಲಕ್ಕೆ ಸರಿಯಾಗಿ 7 ಅಡಿ ಮುಗಿಸುತ್ತದೆ. ಆದರೆ ಸ್ಟೀರಿಂಗ್ ನಾಲ್ಕು ಬೆರಳು ಆಚೀಚೆ ಆಯಿತೋ, ಸಾಲಿನ ಉದ್ದಕ್ಕೂ ಜುಟ್ಟು ಬಿಟ್ಟ ಹಾಗೆ ಹುಲ್ಲು ನಿಲ್ಲುತ್ತದೆ.

ಅಂಗಡಿಯಲ್ಲಿ ಈ ಲೆಕ್ಕ ಯಾರೂ ಹಾಕಿಕೊಡುವುದಿಲ್ಲ. ಅಲ್ಲಿ ಕೇಳುವುದು ಒಂದೇ ಮಾತು, "ಟ್ರ್ಯಾಕ್ಟರ್ ಎಷ್ಟು ಎಚ್‌ಪಿ?" ಅದೂ ಬೇಕು, ಆದರೆ ಮೂರನೆಯದಾಗಿ. ಮೊದಲನೆಯದು, ಕೊಚ್ಚಿದ ಮೇಲೆ ಅದು ಏನಾಗಬೇಕು ಎಂಬುದು. ಕಳೆ ಬಿದ್ದಲ್ಲೇ ಬಿದ್ದು ಕೊಳೆಯಬೇಕೋ, ಗರಿ ಕಡ್ಡಿ ಸಮೇತ ಪುಡಿಯಾಗಬೇಕೋ, ಇಲ್ಲ ಇಡಿಯಾಗಿ ಕೊಯ್ದು ದನದ ಗೋದಲಿಗೆ ಬರಬೇಕೋ? ಈ ಮೂರಕ್ಕೆ ಕ್ರಮವಾಗಿ ಸ್ಲಾಷರ್, ಫ್ಲೇಲ್, ಕಟರ್ ಬಾರ್ ಎಂಬ ಮೂರು ಬೇರೆ ಯಂತ್ರಗಳಿವೆ, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಎರಡನೆಯದು ಸಾಲಿನ ಅಗಲ. ಇವೆರಡು ತೀರ್ಮಾನವಾದ ಮೇಲೆ ಎಚ್‌ಪಿಗೆ ಬರಬಹುದು.

ತೆಂಗಿನದು ಬೇರೆ ಲೆಕ್ಕ. 30 ಅಡಿ ಸಾಲಿನಲ್ಲಿ ಎರಡೂ ಕಡೆ 6 ಅಡಿ ಪಾತಿ ಬಿಟ್ಟರೆ 18 ಅಡಿ ಉಳಿಯುತ್ತದೆ. ಪ್ರತಿ ಸಲ ಅರ್ಧ ಅಡಿ ಒಂದರ ಮೇಲೊಂದು ಬೀಳುವಂತೆ ಓಡಿಸಿದರೆ 4 ಅಡಿಯದಕ್ಕೆ ಐದು ಸಲ, 5 ಅಡಿಯದಕ್ಕೆ ನಾಲ್ಕು ಸಲ. ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ತೋಟದವರಿಗೆ, ಕೋಲಾರದ ಮಾವಿನ ತೋಪಿನವರಿಗೆ 5 ಅಡಿ ಲಾಭವೇ, ಟ್ರ್ಯಾಕ್ಟರ್ 30 ಎಚ್‌ಪಿ ಆಸುಪಾಸಿನದಾಗಿದ್ದರೆ. ಮಲೆನಾಡು, ಕರಾವಳಿಯ ತೋಟಗಳಲ್ಲಿ ಎರಡು ಸಾಲಿಗೊಂದು ಬಸಿಗಾಲುವೆ ಇದ್ದರೆ ಈ ಚರ್ಚೆಯೇ ಬೇಡ, ಅಲ್ಲಿ ಹೆಗಲಿಗೆ ಹಾಕಿಕೊಳ್ಳುವ ಮಿಷನ್ನೇ ಗತಿ.

"ರೋಟಾವೇಟರ್ ಇದೆಯಲ್ಲ, ಮೇಲೆ ಮೇಲೆ ಹೊಡೆದರಾಯಿತು" ಎನ್ನುವವರು ಇದ್ದಾರೆ. ಅಡಿಕೆಗೂ ತೆಂಗಿಗೂ ತಾಯಿಬೇರು ಇಲ್ಲ. ಗೊಬ್ಬರ ನೀರು ಎಳೆಯುವ ಬೇರುಗಳೆಲ್ಲ ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ನಾಲ್ಕು ಇಂಚು ಇಳಿದ ರೋಟಾವೇಟರ್ ಕಳೆಯ ಜೊತೆ ಅವನ್ನೂ ಕತ್ತರಿಸುತ್ತದೆ. ಸಾಲದ್ದಕ್ಕೆ ಜೇಕಿನ ಗಡ್ಡೆಯನ್ನು, ಗರಿಕೆಯ ಗೆಣ್ಣನ್ನು ತುಂಡು ತುಂಡು ಮಾಡಿ ಇಡೀ ತೋಟಕ್ಕೆ ಬಿತ್ತುತ್ತದೆ. ಮೋವರ್ ಮಣ್ಣು ಮುಟ್ಟುವುದಿಲ್ಲ. ಅದರ ಹೆಚ್ಚುಗಾರಿಕೆ ಇರುವುದೇ ಅಲ್ಲಿ.

ಸ್ಲಾಷರ್

ಮೂರರಲ್ಲಿ ಅಗ್ಗದ್ದು, ಒರಟು, ಬಾಳಿಕೆಯದು. ಮೇಲೊಂದು ಗೇರ್ ಬಾಕ್ಸ್, ಅದರ ಕೆಳಗೆ ದಪ್ಪ ಪಟ್ಟಿ ಅಥವಾ ತಟ್ಟೆ, ತಟ್ಟೆಯ ತುದಿಗೆ ಬೋಲ್ಟಿನಲ್ಲಿ ನೇತಾಡುವ ಎರಡು ಬ್ಲೇಡು, ಸುತ್ತ ತಗಡಿನ ಪೆಟ್ಟಿಗೆ, ಹಿಂದೆ ಒಂದು ಚಕ್ರ. ತಟ್ಟೆ ಇರುವ ಮಾದರಿಯನ್ನೇ ಕೇಳಿ. ಕೂಳೆ, ಕಲ್ಲು, ಕಡಿದ ಗಿಡದ ಮೋಟು ಬಂದಾಗ ತಟ್ಟೆ ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಬರೀ ಪಟ್ಟಿ ಇದ್ದರೆ ನೇರ ಹೋಗಿ ಬಡಿಯುತ್ತದೆ, ಪೆಟ್ಟು ಗೇರ್ ಬಾಕ್ಸಿನ ಶಾಫ್ಟಿಗೆ ಬೀಳುತ್ತದೆ.

ಪಿಟಿಓ, ಅಂದರೆ ಟ್ರ್ಯಾಕ್ಟರಿನ ಹಿಂದೆ ಯಂತ್ರಕ್ಕೆ ಬಲ ಕೊಡುವ ತಿರುಗು ತುದಿ, ನಿಮಿಷಕ್ಕೆ 540 ಸುತ್ತು ತಿರುಗಿದಾಗ ಗೇರ್ ಬಾಕ್ಸ್ ಅದನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ. 1:1.9 ಅನುಪಾತ ಎಂದು ಹಿಡಿದರೆ ಬ್ಲೇಡು ನಿಮಿಷಕ್ಕೆ 1026 ಸುತ್ತು. 4 ಅಡಿ ವ್ಯಾಸಕ್ಕೆ ಬ್ಲೇಡಿನ ತುದಿ ಸೆಕೆಂಡಿಗೆ ಸುಮಾರು 64 ಮೀಟರ್, ಅಂದರೆ ಗಂಟೆಗೆ 230 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಬ್ಲೇಡು ಹರಿತವಾಗಿರುವುದಕ್ಕಿಂತ ಈ ವೇಗವೇ ಕಳೆಯನ್ನು ತುಂಡರಿಸುವುದು. ಹಾಗಾಗಿ ಕಾಂಗ್ರೆಸ್ ಗಿಡ, ಕಮ್ಯುನಿಸ್ಟ್ ಗಿಡ, ಹೆಬ್ಬೆರಳು ದಪ್ಪದ ಲಂಟಾನ ಎಲ್ಲಕ್ಕೂ ಸ್ಲಾಷರ್ ಸಾಕು. ಬ್ಲೇಡನ್ನು ಕುಡುಗೋಲಿನ ಹಾಗೆ ಮಸೆಯುವುದು ದಡ್ಡತನ; ಒಂದೂವರೆ ಮಿ.ಮೀ. ದಪ್ಪದ ಅಂಚು ಉಳಿಸಿ ಮಸೆದರೆ ಸಾಕು. ತೀರಾ ತೆಳುವಾದ ಅಂಚು ಮೊದಲ ಕಲ್ಲಿಗೇ ಮಡಚಿಕೊಳ್ಳುತ್ತದೆ. ಎರಡೂ ಬ್ಲೇಡಿನ ತೂಕ ಸಮ ಇರಬೇಕು, ಒಂದನ್ನು ಮಾತ್ರ ಬದಲಿಸಬಾರದು.

ದೋಷ ಎಲ್ಲಿ? ಕತ್ತರಿಸಿದ್ದನ್ನು ಹಾಸುವುದಿಲ್ಲ, ಹಿಂದಕ್ಕೆ ಸಾಲುಸಾಲಾಗಿ ಗುಡ್ಡೆ ಹಾಕುತ್ತದೆ. ಹಸಿರೆಲೆ ಗೊಬ್ಬರಕ್ಕೆಂದು ಬಿತ್ತಿ ಎದೆಯುದ್ದ ಬೆಳೆದ ಸೆಣಬು, ಡಯಾಂಚವನ್ನು ಒಂದೇ ಸಲಕ್ಕೆ ಹೊಡೆದರೆ ಆ ಗುಡ್ಡೆಯ ಕೆಳಗಿನ ಹುಲ್ಲು ಹಳದಿಯಾಗಿ ಕೊಳೆಯುತ್ತದೆ, ಪಕ್ಕದ ಜಾಗ ಬೋಳಾಗಿರುತ್ತದೆ. ಮುಕುನಾದಂಥ ಬಳ್ಳಿಗೆ ಇನ್ನೂ ಕಷ್ಟ, ಬ್ಲೇಡಿನ ಬುಡಕ್ಕೆ ಹಗ್ಗದಂತೆ ಸುತ್ತುತ್ತದೆ. ಕಲ್ಲು ಎರಚುವುದರಲ್ಲಂತೂ ಸ್ಲಾಷರ್‌ಗೆ ಸಮ ಯಾವುದೂ ಇಲ್ಲ. ಹಿಂದೆ ಮುಂದೆ ಸರಪಳಿಯ ಪರದೆ ಇಲ್ಲದ ಸ್ಲಾಷರ್ ಅರ್ಧ ಬೆಲೆಗೆ ಕೊಟ್ಟರೂ ಬೇಡ. ಪರದೆ ಇದ್ದರೂ 50 ಮೀಟರ್ ಒಳಗೆ ಆಳು, ಮಕ್ಕಳು, ದನ ಇರಕೂಡದು.

ಎತ್ತರ ಹೊಂದಿಸುವಾಗ ಮುಂಭಾಗ ಹಿಂಭಾಗಕ್ಕಿಂತ ಒಂದು ಇಂಚಿನಷ್ಟು ತಗ್ಗಿರಲಿ. ಆಗ ಬ್ಲೇಡು ಮುಂದೆ ಬಂದಾಗ ಮಾತ್ರ ಕತ್ತರಿಸುತ್ತದೆ, ಹಿಂದೆ ಹೋಗುವಾಗ ಕತ್ತರಿಸಿದ್ದರ ಮೇಲೆ ತೇಲುತ್ತದೆ. ಇದನ್ನು ಟಾಪ್ ಲಿಂಕ್, ಅಂದರೆ ಯಂತ್ರವನ್ನು ಮೇಲಿನಿಂದ ಹಿಡಿಯುವ ತೋಳು, ತಿರುಗಿಸಿ ಮಾಡುವುದು. ಸಪಾಟಾಗಿ ಇಟ್ಟವರೇ ಹೆಚ್ಚು; ಆಮೇಲೆ "ಟ್ರ್ಯಾಕ್ಟರ್ ಎಳೆಯಲ್ಲ, ಹೊಗೆ ಕಾರುತ್ತದೆ" ಎಂಬ ದೂರು.

ಫ್ಲೇಲ್ ಮೋವರ್, ನಮ್ಮಲ್ಲಿ ಮಲ್ಚರ್

ಅಡ್ಡ ಮಲಗಿದ ಒಂದು ರೋಟರ್, ಅದರ ಮೈಗೆ ನೇತುಬಿದ್ದ ಹತ್ತಾರು ಸಣ್ಣ ಬ್ಲೇಡು, ಪಕ್ಕದಲ್ಲಿ ಬೆಲ್ಟು, ಹಿಂದೆ ರೋಲರ್. ರೋಟರ್ ನಿಮಿಷಕ್ಕೆ 2000 ಸುತ್ತಿನ ಹತ್ತಿರ ತಿರುಗಿದರೂ ವ್ಯಾಸ ಚಿಕ್ಕದಾದ್ದರಿಂದ ತುದಿಯ ವೇಗ ಸ್ಲಾಷರ್‌ಗಿಂತ ಕಡಿಮೆ, 40 ಸೆಂ.ಮೀ. ವ್ಯಾಸಕ್ಕೆ ಸೆಕೆಂಡಿಗೆ 42 ಮೀಟರ್. ಆದರೆ ಒಂದೇ ಕಡ್ಡಿಗೆ ಮತ್ತೆ ಮತ್ತೆ ಏಟು ಬೀಳುವುದರಿಂದ ಹೊರಗೆ ಬರುವುದು ಬೆರಳುದ್ದದ ಚೂರು. ರೋಲರ್ ಅದನ್ನು ಹಾಸಿಗೆಯ ಹಾಗೆ ಒತ್ತಿ ಹರಡುತ್ತದೆ. ಅಡಿಕೆ ತೋಟದಲ್ಲಿ ಮುಚ್ಚಿಗೆ ಬೇಕೆನ್ನುವವರು ನೋಡಬೇಕಾದ್ದು ಇದನ್ನೇ. ಕಲ್ಲನ್ನೂ ಅಷ್ಟು ದೂರ ಎಸೆಯುವುದಿಲ್ಲ.

ಬ್ಲೇಡು ಎರಡು ಬಗೆ. ವೈ ಆಕಾರದ್ದು ಹುಲ್ಲು, ಎಳೆ ಕಳೆ, ಹಸಿರೆಲೆ ಗೊಬ್ಬರದ ಬೆಳೆಗೆ. ಸುತ್ತಿಗೆ ಆಕಾರದ್ದು ಗರಿ, ಕಡ್ಡಿ, ಹತ್ತಿ ತೊಗರಿಯ ಕಟ್ಟಿಗೆಗೆ. ಸುತ್ತಿಗೆಯದು ಹುಲ್ಲನ್ನೂ ಹೊಡೆಯುತ್ತದೆ, ಆದರೆ ಜಜ್ಜಿದ ಹಾಗೆ, ಮತ್ತು ಬಲ ಹೆಚ್ಚು ಕೇಳುತ್ತದೆ. 24 ಎಚ್‌ಪಿ ಟ್ರ್ಯಾಕ್ಟರಿಗೆ ಸುತ್ತಿಗೆ ಇರುವ 4 ಅಡಿಯ ಮಲ್ಚರ್ ಕೊಟ್ಟು ಕಳಿಸುವುದು ಸಾಮಾನ್ಯ ತಪ್ಪು. ಅದು ಹಸಿ ಕಳೆಯಲ್ಲೇ ಉಸಿರುಗಟ್ಟುತ್ತದೆ.

ಗರಿಯ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಮಲ್ಚರ್ ಮಾರುವುದೇ ತೆಂಗಿನ ಗರಿ ತೋರಿಸಿ. ದೊಡ್ಡ ಟ್ರ್ಯಾಕ್ಟರಿನಲ್ಲಿ ಗರಿ ಪುಡಿಯಾಗುವ ವಿಡಿಯೋ ನೋಡಿ ಮಿನಿಗೆ ಅದೇ ಆಸೆ ಇಟ್ಟುಕೊಳ್ಳಬೇಡಿ. ಮಿನಿಯಲ್ಲಿ ಮಾಡುವುದಾದರೆ ಬುಡದ ದಪ್ಪ ಮಟ್ಟೆಯನ್ನು ಮಚ್ಚಿನಲ್ಲಿ ಕಡಿದು ಬೇರೆ ಇಡಬೇಕು. ಉಳಿದ ಗರಿಯನ್ನು ಒಂದೆರಡು ವಾರ ಒಣಗಿಸಿ ಸಾಲಿನ ನಡುವೆ ಉದ್ದುದ್ದಕ್ಕೆ, ಒಂದರ ಮೇಲೊಂದು ಬೀಳದಂತೆ ಹಾಸಿ, ತೀರಾ ನಿಧಾನದ ಗೇರಿನಲ್ಲಿ ಹೋಗಬೇಕು. ಅಡ್ಡಡ್ಡ ಹಾಕಿದರೆ ರೋಟರ್ ಒಂದೇ ಸಲಕ್ಕೆ ಇಡೀ ಗರಿಯನ್ನು ಎಳೆದುಕೊಂಡು ಬೆಲ್ಟ್ ಜಾರಿಸುತ್ತದೆ. ಅಡಿಕೆ ಹಾಳೆಯೂ ಹಾಗೆಯೇ. ಒದ್ದೆ ಹಾಳೆ ತೊಗಲಿನಂತೆ ಮಡಚಿಕೊಂಡು ತಪ್ಪಿಸಿಕೊಳ್ಳುತ್ತದೆ. ಬಿಸಿಲಿಗೆ ಗರಿಗರಿಯಾದದ್ದು ಹಪ್ಪಳದ ಹಾಗೆ ಮುರಿಯುತ್ತದೆ.

ಬೆಲ್ಟ್ ಇದರ ಜೀವ. ಹೊಸ ಬೆಲ್ಟ್ ಮೊದಲ ಎರಡು ಮೂರು ಗಂಟೆಯಲ್ಲೇ ಹಿಗ್ಗುತ್ತದೆ, ಆಗ ನಿಲ್ಲಿಸಿ ಬಿಗಿ ಮಾಡಲೇಬೇಕು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಒಂದು ಸೆಂ.ಮೀ. ಚಿಲ್ಲರೆ ಬಗ್ಗಬೇಕು. ಅದಕ್ಕಿಂತ ಸಡಿಲವಾದರೆ ಜಾರಿ ಸುಟ್ಟ ರಬ್ಬರಿನ ವಾಸನೆ ಬರುತ್ತದೆ, ಬಿಗಿಯಾದರೆ ಬೇರಿಂಗ್ ಬಿಸಿಯಾಗುತ್ತದೆ. ಮೂರು ಬೆಲ್ಟಿನ ಯಂತ್ರದಲ್ಲಿ ಒಂದು ಹರಿದರೆ ಮೂರನ್ನೂ ಒಟ್ಟಿಗೆ ಬದಲಿಸಿ. ಹಳೆಯ ಎರಡು ಹಿಗ್ಗಿರುತ್ತವೆ, ಹೊಸದೊಂದೇ ಭಾರವೆಲ್ಲ ಹೊತ್ತು ವಾರದಲ್ಲಿ ಸೀಳುತ್ತದೆ. ಬ್ಲೇಡು ಮುರಿದರೂ ಅದೇ ನಿಯಮ, ಎದುರುಬದುರಿನ ಜೋಡಿಯಾಗಿ ಬದಲಿಸುವುದು. ಇಲ್ಲದಿದ್ದರೆ ರೋಟರ್ ನಡುಗಲು ಶುರುವಾಗುತ್ತದೆ. ಸೀಟಿನಲ್ಲಿ ಕೂತವರ ಕಾಲಿಗೆ ಆ ನಡುಕ ಗೊತ್ತಾಗುವ ಹೊತ್ತಿಗೆ ಬೇರಿಂಗ್ ಅರ್ಧ ಹೋಗಿರುತ್ತದೆ.

ಡ್ರಿಪ್ ಇರುವ ತೋಟದಲ್ಲಿ ಫ್ಲೇಲ್‌ಗೆ ನಿಜವಾದ ಶತ್ರು 16 ಮಿ.ಮೀ. ಪೈಪು. ಹುಲ್ಲಿನೊಳಗೆ ಅಡಗಿದ್ದ ಪೈಪು ರೋಟರಿಗೆ ಸಿಕ್ಕರೆ ಎರಡು ಸೆಕೆಂಡಿನಲ್ಲಿ ಹತ್ತಾರು ಸುತ್ತು ಸುತ್ತಿಕೊಳ್ಳುತ್ತದೆ. ಸುತ್ತಿದ್ದೆಲ್ಲ ಬಿಚ್ಚಿ ತೆಗೆದೆವು ಎಂದು ಕೆಲಸ ಮುಂದುವರಿಸುತ್ತಾರೆ. ಉಳಿದಿರುವುದು ಕಣ್ಣಿಗೆ ಕಾಣುವುದಿಲ್ಲ. ರೋಟರಿನ ತುದಿ ಮತ್ತು ಪಕ್ಕದ ತಗಡಿನ ನಡುವೆ, ಬೇರಿಂಗಿನ ಬಾಯಿಗೆ ಒಂದು ಬಳೆಯಷ್ಟು ಪ್ಲಾಸ್ಟಿಕ್ ಕರಗಿ ಅಂಟಿರುತ್ತದೆ. ಅದು ಸೀಲನ್ನು ತಿಂದು, ಗ್ರೀಸ್ ಹೊರಗೆ, ಮಣ್ಣು ಒಳಗೆ. ಹದಿನೈದು ದಿನ ಬಿಟ್ಟು ಬೇರಿಂಗ್ ಕೂಗುತ್ತದೆ, ಆಗ ಬೈಯಿಸಿಕೊಳ್ಳುವುದು ಬೇರಿಂಗ್ ಕಂಪನಿ. ಪೈಪು ಸುತ್ತಿದ ದಿನವೇ ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿ, ಯಂತ್ರವನ್ನು ಎತ್ತಿ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಆ ಬಳೆಯನ್ನು ಕೊಯ್ದು ತೆಗೆಯಬೇಕು. ಬರೀ ಹೈಡ್ರಾಲಿಕ್ ನಂಬಿ ಕೆಳಗೆ ಕೈ ಹಾಕುವ ಮಾತೇ ಇಲ್ಲ. ಬಾಳೆ ಇದ್ದ ತೋಟದಲ್ಲಿ ನಾರು, ಕಟ್ಟಿದ ನೈಲಾನ್ ದಾರ ಕೂಡ ಇದೇ ಕೆಲಸ ಮಾಡುತ್ತವೆ.

ಪಕ್ಕಕ್ಕೆ ಸರಿಯುವ ಫ್ಲೇಲ್ ಸಿಕ್ಕರೆ ಹಣ ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳುವುದು ಮೇಲು. ಟ್ರ್ಯಾಕ್ಟರಿನ ಚಕ್ರ ಸಾಲಿನ ನಡುವೆ ಇದ್ದು ಯಂತ್ರ ಮಾತ್ರ ಬುಡದ ಹತ್ತಿರ ಹೋಗುತ್ತದೆ. ಮಾವು, ಸಪೋಟದ ತಗ್ಗು ಕೊಂಬೆಗಳ ಕೆಳಗೆ ತಲೆ ಬಗ್ಗಿಸಿ ಓಡಿಸುವ ಕಷ್ಟ ತಪ್ಪುತ್ತದೆ. ಮಿನಿಗೆ ಕೈಯಿಂದ ಬೋಲ್ಟ್ ಸಡಿಲಿಸಿ ಸರಿಸುವ ಮಾದರಿ ಸಾಕು. ಹೈಡ್ರಾಲಿಕ್‌ನಿಂದ ಸರಿಯುವ ಮಾದರಿಗೆ ಟ್ರ್ಯಾಕ್ಟರಿನಲ್ಲಿ ಹೆಚ್ಚುವರಿ ಆಯಿಲ್ ಪಾಯಿಂಟ್ ಬೇಕು, ಅದು ಎಲ್ಲ ಮಿನಿಗಳಲ್ಲಿ ಇರುವುದಿಲ್ಲ.

ಕಟರ್ ಬಾರ್

ಮೇವಿಗೆ ಇದು ಮಾತ್ರ. ಕತ್ತರಿಯ ಹಾಗೆ ಹಲ್ಲುಗಳು ಅತ್ತಿತ್ತ ಓಡಿ ಬುಡದಲ್ಲಿ ಕೊಯ್ಯುತ್ತವೆ, ಗಿಡ ಇಡಿಯಾಗಿ ಮಲಗುತ್ತದೆ. ಕುದುರೆ ಮಸಾಲೆ, ಮೇವಿನ ಜೋಳ, ಓಟ್ಸ್ ಎಲ್ಲದಕ್ಕೂ ಸರಿ. ಸ್ಲಾಷರಿನಲ್ಲಿ ಮೇವು ಕತ್ತರಿಸಿದರೆ ಮಣ್ಣು ಸೇರುತ್ತದೆ, ಚೂರಾದದ್ದನ್ನು ಬಾಚಲು ಆಗುವುದಿಲ್ಲ, ಬುಡ ಸೀಳಿ ಮುಂದಿನ ಚಿಗುರು ತಡವಾಗುತ್ತದೆ. ಮಣ್ಣು ಬೆರೆತ ಮೇವು ರಸಮೇವಿನ ಗುಂಡಿಯನ್ನೂ ಹಾಳು ಮಾಡುತ್ತದೆ.

ಬಲ ಬೇಕಾದ್ದು ತೀರಾ ಕಡಿಮೆ, ಅಡಿಗೆ ಒಂದೆರಡು ಎಚ್‌ಪಿ. 18 ಎಚ್‌ಪಿಯ ಮಿನಿ ಕೂಡ 5 ಅಡಿ ಬಾರನ್ನು ಲೀಲಾಜಾಲವಾಗಿ ಓಡಿಸುತ್ತದೆ. ಆದರೆ ಕಲ್ಲು, ಇರುವೆ ಗೂಡು, ಮಣ್ಣಿನ ಹೆಂಟೆ ಇದಕ್ಕೆ ಆಗಿಬರುವುದಿಲ್ಲ. ಹಲ್ಲು ಮುರಿದರೆ ರಿವೆಟ್ ಒಡೆದು ಹೊಸದು ಹಾಕುವುದು ಅರ್ಧ ಗಂಟೆಯ ಕೆಲಸ, ಹತ್ತಾದರೂ ಹಲ್ಲು ಮನೆಯಲ್ಲಿ ಇರಲಿ. ನೇಪಿಯರ್ ಬಲಿತು ಕಬ್ಬಿನಂತಾಗಿದ್ದರೆ ಬಾರ್ ತಡೆಯುವುದಿಲ್ಲ, ಎಳೆಯದಿದ್ದಾಗಲೇ ಕೊಯ್ಯಬೇಕು. ಬುಡದಲ್ಲಿ ಒಂದು ಗೇಣಿಗೆ ಸ್ವಲ್ಪ ಕಡಿಮೆ ಬಿಟ್ಟರೆ ಚಿಗುರಿಗೂ ಒಳ್ಳೆಯದು, ಹಲ್ಲಿಗೂ ಒಳ್ಳೆಯದು. ಮೇವು ಕೊಯ್ಯುವ ಡ್ರಮ್ ಮೋವರ್ ಕೂಡ ಚೆನ್ನಾದ ಯಂತ್ರ, ಆದರೆ ತೂಕ ಹೆಚ್ಚು. ಮಿನಿಯವರು ಅದರ ಆಸೆ ಬಿಡಬಹುದು. ಲಾನ್ ಕತ್ತರಿಸುವ ಮೂರು ಬ್ಲೇಡಿನ ಫಿನಿಶ್ ಮೋವರ್ ರೆಸಾರ್ಟಿಗೆ, ಕ್ರಿಕೆಟ್ ಮೈದಾನಕ್ಕೆ. ತೋಟಕ್ಕೆ ತಂದವರು ಮೊದಲ ವಾರವೇ ಸ್ಪಿಂಡಲ್ ಬದಲಿಸುತ್ತಾರೆ.

ಎಚ್‌ಪಿ, ಭಾರ, ಪಿನ್ನು

ಬಾನೆಟ್ ಮೇಲೆ ಬರೆದಿರುವುದು ಎಂಜಿನ್ ಎಚ್‌ಪಿ. ಯಂತ್ರಕ್ಕೆ ಸಿಗುವುದು ಪಿಟಿಓ ಎಚ್‌ಪಿ, ಸಾಮಾನ್ಯವಾಗಿ ಅದರ ಶೇ. 80ರಿಂದ 88. ಕುಬೋಟಾ ನಿಯೋಸ್ಟಾರ್ ಬಿ2441, ಮಹೀಂದ್ರ ಜಿವೋ 245 ಇವು 24 ಎಚ್‌ಪಿಯವು; ಈ ಲೆಕ್ಕದಲ್ಲಿ ಪಿಟಿಓದಲ್ಲಿ 19ರಿಂದ 21 ಬರುತ್ತದೆ, ಆದರೆ ಮಾದರಿಯಿಂದ ಮಾದರಿಗೆ ವ್ಯತ್ಯಾಸ ಇರುವುದರಿಂದ ಕರಪತ್ರ ನೋಡಿಕೊಳ್ಳಿ. ಸ್ಲಾಷರಿಗೆ ಅಡಿಗೆ 5 ಎಚ್‌ಪಿ, ಫ್ಲೇಲ್‌ಗೆ 5ರಿಂದ 7 ಎಂಬ ಕೈಲೆಕ್ಕ ಹಾಕಿದರೆ ಈ ಟ್ರ್ಯಾಕ್ಟರುಗಳಿಗೆ 4 ಅಡಿಯ ಸ್ಲಾಷರ್, ವೈ ಬ್ಲೇಡಿನ ಮೂರೂವರೆ ಅಡಿಯ ಫ್ಲೇಲ್ ಒಗ್ಗುತ್ತದೆ. ಬೆಂಗಳೂರಿನದೇ ಆದ ವಿಎಸ್‌ಟಿಯ 18 ಎಚ್‌ಪಿ ದರ್ಜೆಯ ಮಿನಿಗಳಿಗೆ ಮೂರು, ಹೆಚ್ಚೆಂದರೆ ಮೂರೂವರೆ ಅಡಿಯ ಸ್ಲಾಷರ್. 11 ಎಚ್‌ಪಿಯ ಸ್ವರಾಜ್ ಕೋಡ್‌ನಂಥದ್ದಕ್ಕೆ ಕಟರ್ ಬಾರ್ ಹೊಂದೀತು, ಮಲ್ಚರ್ ಬೇಡ.

ಲಿಫ್ಟ್ 750 ಕಿಲೋ ಎತ್ತುತ್ತದೆ ಎಂದು ಕರಪತ್ರದಲ್ಲಿ ಇರುತ್ತದೆ, 200 ಕಿಲೋ ಮಲ್ಚರ್ ಏನು ಮಹಾ ಎನ್ನಿಸುತ್ತದೆ. ತೊಂದರೆ ಲಿಫ್ಟಿನದಲ್ಲ, ಮುಂದಿನ ಚಕ್ರದ್ದು. ಯಂತ್ರದ ಭಾರ ಹಿಂದಿನ ಆಕ್ಸಲಿನಿಂದ ಒಂದೂವರೆ ಮೀಟರ್ ಹಿಂದಿದ್ದು, ಮುಂದಿನ ಆಕ್ಸಲ್ ಅಷ್ಟೇ ದೂರ ಮುಂದಿದ್ದರೆ ಎತ್ತಿದ ಕೂಡಲೆ ಮುಂಚಕ್ರದಿಂದ 200 ಕಿಲೋ ಕಳೆದ ಹಾಗೆ. ಬದು ಹತ್ತಿಸುವಾಗ ಸ್ಟೀರಿಂಗ್ ಹೂವಿನಂತೆ ಹಗುರವಾದರೆ ಅದು ಸುಖವಲ್ಲ, ಅಪಾಯ. ಮುಂದೆ ತೂಕದ ಬಿಲ್ಲೆಗಳನ್ನು ಹಾಕದೆ ಮಲ್ಚರ್ ಒಯ್ಯಬೇಡಿ.

ಪಿನ್ನಿನಲ್ಲೂ ಒಂದು ಮೋಸ ಇದೆ. ಹಿಚ್ ಎಂದರೆ ಯಂತ್ರ ಸಿಕ್ಕಿಸುವ ಜೋಡಣೆ. ಮಿನಿಗಿಂತ ದೊಡ್ಡ ಟ್ರ್ಯಾಕ್ಟರಿನ ಕೆಟಗರಿ 1 ಹಿಚ್ ಮತ್ತು ಹಲವು ಮಿನಿಗಳ 1ಎನ್ ಹಿಚ್ ಎರಡಕ್ಕೂ ಕೆಳಗಿನ ಪಿನ್ನು 22 ಮಿ.ಮೀ. ದಪ್ಪವೇ. ಹಾಗಾಗಿ ಪಿನ್ನು ತೂರುತ್ತದೆ, "ಕೂತಿತಲ್ಲ" ಎಂದು ಕಳಿಸುತ್ತಾರೆ. ಆದರೆ ಎರಡು ಪಿನ್ನಿನ ನಡುವಿನ ಅಂತರ ಒಂದರಲ್ಲಿ 683 ಮಿ.ಮೀ., ಇನ್ನೊಂದರಲ್ಲಿ 400. ಮಿನಿಯ ತೋಳುಗಳನ್ನು ಅಗಲಿಸಿ ಸಿಕ್ಕಿಸಿದರೆ ಅವು ಟಯರಿಗೆ ಉಜ್ಜುತ್ತವೆ. ಅಂಗಡಿಗೆ ಹೋಗುವಾಗ ಟೇಪ್ ಜೇಬಿನಲ್ಲಿರಲಿ. ಹಿಂದಿನ ಟಯರುಗಳ ಹೊರಗಿನ ಅಂಚಿನಿಂದ ಅಂಚಿಗೂ ಅಳೆದುಕೊಳ್ಳಿ. ಯಂತ್ರ ಅದಕ್ಕಿಂತ ಅಗಲವಿಲ್ಲದಿದ್ದರೆ ಟಯರ್ ಮಲಗಿಸಿದ ಹುಲ್ಲು ಹಾಗೇ ಉಳಿದು ಮರುದಿನ ಎದ್ದು ನಿಲ್ಲುತ್ತದೆ.

ಶಾಫ್ಟ್: ಎಲ್ಲರೂ ಎಡವುವ ಜಾಗ

ಯಂತ್ರದ ಜೊತೆ ಬರುವ ಪಿಟಿಓ ಶಾಫ್ಟ್ ಸಾಮಾನ್ಯವಾಗಿ ದೊಡ್ಡ ಟ್ರ್ಯಾಕ್ಟರಿನ ಅಳತೆಯದು. ಮಿನಿಯಲ್ಲಿ ಪಿಟಿಓದಿಂದ ಗೇರ್ ಬಾಕ್ಸಿಗೆ ಇರುವ ಅಂತರ ಕಡಿಮೆ. ಸಪಾಟು ಅಂಗಳದಲ್ಲಿ ಶಾಫ್ಟ್ ಹೇಗೋ ಕೂರುತ್ತದೆ. ಗುಂಡಿಗೆ ಇಳಿದಾಗ ಅಥವಾ ಲಿಫ್ಟ್ ಎತ್ತಿದಾಗ ಒಳ ಕೊಳವೆ ಹೊರ ಕೊಳವೆಯ ತಳಕ್ಕೆ ಬಡಿದು, ಮುಂದೆ ಹೋಗಲು ಜಾಗವಿಲ್ಲದೆ, ಟ್ರ್ಯಾಕ್ಟರಿನ ಪಿಟಿಓ ಬೇರಿಂಗನ್ನೇ ಒದೆಯುತ್ತದೆ. ಮೊದಲು ಆಯಿಲ್ ಸೀಲ್ ಜಿನುಗುತ್ತದೆ. ಆಮೇಲಿನದು ಟ್ರ್ಯಾಕ್ಟರ್ ಬಿಚ್ಚುವ ಖರ್ಚು.

ಮಾಡಬೇಕಾದ್ದು ಇಷ್ಟು. ಯಂತ್ರವನ್ನು ಸಿಕ್ಕಿಸಿ ಶಾಫ್ಟಿನ ಎರಡು ಅರ್ಧಗಳನ್ನು ಬೇರೆ ಬೇರೆಯಾಗಿ ಎರಡು ತುದಿಗೆ ಹಾಕಿ ಅಕ್ಕಪಕ್ಕ ಹಿಡಿಯಿರಿ. ಲಿಫ್ಟನ್ನು ನಿಧಾನ ಮೇಲೆ ಕೆಳಗೆ ಆಡಿಸಿ, ಎರಡು ತುದಿಗಳು ಅತಿ ಹತ್ತಿರ ಬರುವ ಜಾಗದಲ್ಲಿ ನಿಲ್ಲಿಸಿ. ಆ ಸ್ಥಿತಿಯಲ್ಲಿ ಒಂದು ಕೊಳವೆಯ ತುದಿಗೂ ಇನ್ನೊಂದರ ತಳಕ್ಕೂ ಕನಿಷ್ಠ ಒಂದು ಇಂಚು ಸಂದು ಉಳಿಯುವಂತೆ ಗುರುತು ಹಾಕಿ. ಒಳ ಕೊಳವೆಯಿಂದ ಎಷ್ಟು ಕತ್ತರಿಸುತ್ತೀರೋ ಹೊರ ಕೊಳವೆಯಿಂದಲೂ ಅಷ್ಟೇ, ಪ್ಲಾಸ್ಟಿಕ್ ಕವಚದ ಎರಡು ಅರ್ಧಗಳಿಂದಲೂ ಅಷ್ಟೇ ಕತ್ತರಿಸಬೇಕು. ಅಂಚಿನ ಚಿಪ್ಪನ್ನು ಅರದಿಂದ ತೀಡಿ, ಲೋಹದ ಪುಡಿ ಒರೆಸಿ, ಗ್ರೀಸ್ ಹಚ್ಚಿ ಸೇರಿಸಿ. ಕೊನೆಗೆ ಅತಿ ದೂರದ ಸ್ಥಿತಿಯಲ್ಲೂ ನೋಡಿ. ಕೊಳವೆಗಳು ಒಂದರೊಳಗೊಂದು ಮೂರರಲ್ಲಿ ಒಂದು ಭಾಗವಾದರೂ ಇರಬೇಕು. ಜಾಸ್ತಿ ಕತ್ತರಿಸಿದರೆ ಮತ್ತೆ ಬೆಳೆಯುವುದಿಲ್ಲ, ಎರಡು ಸಲ ಅಳೆದು ಒಂದು ಸಲ ಕೊಯ್ಯಿರಿ. ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿರಬೇಕು, ಅಡ್ಡವಾಗಿ ಸೇರಿಸಿದರೆ ಕ್ರಾಸ್ ಬೇರಿಂಗ್ ಬಡಿದುಕೊಳ್ಳುತ್ತದೆ.

ಇನ್ನೊಂದು, ಹೆಚ್ಚಿನವರಿಗೆ ಗೊತ್ತೇ ಇರದದ್ದು. ಸಿಂಗಲ್ ಕ್ಲಚ್ಚಿನ ಟ್ರ್ಯಾಕ್ಟರಿನಲ್ಲಿ ಪಿಟಿಓ ಗೇರ್ ಬಾಕ್ಸಿನ ಜೊತೆಗೇ ತಿರುಗುತ್ತದೆ. ಕ್ಲಚ್ ತುಳಿದರೂ ಸ್ಲಾಷರಿನ ಭಾರದ ತಟ್ಟೆ ತಿರುಗುತ್ತಲೇ ಇರುತ್ತದೆ. ಆ ಓಟ ಶಾಫ್ಟಿನ ಮೂಲಕ ಹಿಂದಕ್ಕೆ ಬಂದು ಚಕ್ರವನ್ನು ತಳ್ಳುತ್ತದೆ. ಕ್ಲಚ್ ತುಳಿದಿದ್ದರೂ ಟ್ರ್ಯಾಕ್ಟರ್ ನಾಲ್ಕು ಹೆಜ್ಜೆ ಮುಂದೆ ಹೋಗಿ ಮರಕ್ಕೋ ಬಾವಿ ಕಟ್ಟೆಗೋ ಗುದ್ದುತ್ತದೆ. ಇದಕ್ಕೆ ಮದ್ದು ಓವರ್‌ರನ್ನಿಂಗ್ ಕ್ಲಚ್, ಪಿಟಿಓ ತುದಿಗೆ ಹಾಕುವ ಅಂಗೈಯಗಲದ ಒಂದು ಬಿಡಿಭಾಗ. ಸೈಕಲ್ಲಿನ ಫ್ರೀವೀಲ್ ಹಾಗೆಯೇ, ಒಂದೇ ದಿಕ್ಕಿಗೆ ಬಲ ಬಿಡುತ್ತದೆ. ಇದು ಒಂದು ಗೇಣಿನ ಅರ್ಧದಷ್ಟು ಉದ್ದ ತಿನ್ನುತ್ತದೆ, ಆದ್ದರಿಂದ ಇದನ್ನು ಹಾಕಿದ ಮೇಲೆಯೇ ಶಾಫ್ಟ್ ಅಳೆಯಬೇಕು. ಸ್ವತಂತ್ರ ಪಿಟಿಓ ಇರುವ ಟ್ರ್ಯಾಕ್ಟರಿಗೆ ಇದರ ಅಗತ್ಯವಿಲ್ಲ.

ಶಿಯರ್ ಬೋಲ್ಟ್ ಮುರಿದಾಗ ಅಂಗಡಿಯಲ್ಲಿ ಸಿಕ್ಕ ಗಟ್ಟಿ 8.8 ಬೋಲ್ಟ್ ಹಾಕುವ ಚಾಳಿ ಇದೆ. ಆ ಬೋಲ್ಟ್ ಇರುವುದೇ ಮುರಿಯಲಿಕ್ಕೆ. ಅದು ಮುರಿಯದಿದ್ದರೆ ಮುಂದಿನದು ಗೇರ್ ಬಾಕ್ಸ್. ಕಂಪನಿ ಹೇಳಿದ ದರ್ಜೆಯ ಬೋಲ್ಟನ್ನೇ ಹತ್ತು ತಂದಿಡಿ. ಶಿಯರ್ ಬೋಲ್ಟಿನ ಬದಲು, ಭಾರ ಹೆಚ್ಚಾದಾಗ ಜಾರುವ ಸ್ಲಿಪ್ ಕ್ಲಚ್ ಇರುವ ಯಂತ್ರವಾದರೆ ಮಳೆಗಾಲ ಕಳೆದು ಹೊರತೆಗೆದಾಗ ಅದರ ಫಲಕಗಳು ತುಕ್ಕಿಗೆ ಅಂಟಿಕೊಂಡಿರುತ್ತವೆ. ಸ್ಪ್ರಿಂಗಿನ ನಟ್ಟುಗಳನ್ನು ಎಷ್ಟು ಸುತ್ತು ಎಂದು ಎಣಿಸಿ ಸಡಿಲಿಸಿ, ಎರಡು ಮೂರು ಸೆಕೆಂಡು ಜಾರಿಸಿ, ಮತ್ತೆ ಅಷ್ಟೇ ಸುತ್ತು ಬಿಗಿಯಬೇಕು.

ಕೆಲವು ಮಿನಿಗಳಲ್ಲಿ 540ರ ಆಸುಪಾಸಿನ ವೇಗದ ಜೊತೆಗೆ 750, 980ರಂಥ ಇನ್ನೊಂದು ಪಿಟಿಓ ವೇಗವೂ ಇರುತ್ತದೆ. ಮೇಲೆ ಹೇಳಿದ 4 ಅಡಿ ಸ್ಲಾಷರನ್ನು 980ರಲ್ಲಿ ಓಡಿಸಿದರೆ ಬ್ಲೇಡಿನ ತುದಿ ಸೆಕೆಂಡಿಗೆ 117 ಮೀಟರ್ ಆಗುತ್ತದೆ. ಬ್ಲೇಡಿನ ಬೋಲ್ಟ್ ಅದಕ್ಕೆ ಮಾಡಿದ್ದಲ್ಲ. ಆಳಿನ ಕೈಗೆ ಕೊಡುವ ಮುನ್ನ ಆ ಲಿವರನ್ನು ತಂತಿಯಿಂದ ಕಟ್ಟಿಬಿಡುವುದು ವಾಸಿ. ಪಂಚೆ, ಲುಂಗಿ, ಹೆಗಲ ಮೇಲಿನ ಟವೆಲು ತೊಟ್ಟು ಕವಚವಿಲ್ಲದ ಶಾಫ್ಟಿನ ಹತ್ತಿರ ಹೋಗುವುದನ್ನೂ ಬಿಡಿಸಬೇಕು.

ಕೊಳ್ಳುವಾಗ

ಗಂಟೆಗೆ 4 ಕಿ.ಮೀ. ವೇಗದಲ್ಲಿ 4 ಅಡಿ ಯಂತ್ರ ತಿರುವಿನ ಹೊತ್ತು ಕಳೆದು ಒಂದು ಗಂಟೆಯಲ್ಲಿ ಒಂದು ಎಕರೆಗೆ ಸ್ವಲ್ಪ ಕಡಿಮೆ ಮುಗಿಸುತ್ತದೆ. ಅಡಿಕೆ ತೋಟದಲ್ಲಿ ಎಕರೆಗೆ ಒಂದೂವರೆ ಗಂಟೆ ಹಿಡಿಯಿರಿ. ಮೂರು ಎಕರೆಗಿಂತ ಕಡಿಮೆ ತೋಟ, ವರ್ಷಕ್ಕೆ ಮೂರು ಸಲ ಕಳೆ ಎಂದರೆ ಯಂತ್ರ ವರ್ಷವೆಲ್ಲ ದುಡಿಯುವುದು ಹದಿನಾಲ್ಕು ಗಂಟೆಯೂ ಆಗುವುದಿಲ್ಲ. ಅಂಥವರು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಸ್ಲಾಷರ್ ಅಥವಾ ಮಲ್ಚರ್ ಬಾಡಿಗೆಗೆ ಇದೆಯೇ ಎಂದು ಮೊದಲು ವಿಚಾರಿಸಲಿ. ಕೊಳ್ಳುವವರೂ ಒಂದು ದಿನ ಬಾಡಿಗೆಗೆ ಓಡಿಸಿ ನೋಡಿದರೆ ನಷ್ಟವಿಲ್ಲ.

ಯಂತ್ರ ಎದುರಿಗಿದ್ದಾಗ ಬಣ್ಣ ನೋಡಬೇಡಿ. ಬ್ಲೇಡಿನ ತಟ್ಟೆ ಹಿಡಿದು ಮೇಲೆ ಕೆಳಗೆ ಅಲುಗಿಸಿ, ಆಟ ಇದ್ದರೆ ಬೇರೆ ತೋರಿಸಿ ಎನ್ನಿ. ಮೇಲ್ತಗಡು 3 ಮಿ.ಮೀ.ಗಿಂತ ತೆಳುವಾಗಿದ್ದರೆ ಒಂದೇ ಮಳೆಗಾಲಕ್ಕೆ ಡೊಗರು ಬೀಳುತ್ತದೆ. ನೆಲಕ್ಕೆ ಉಜ್ಜುವ ಪಕ್ಕದ ಪಟ್ಟಿ ಬೋಲ್ಟಿನದಾಗಿರಲಿ, ವೆಲ್ಡಿಂಗ್ ಮಾಡಿದ್ದಾದರೆ ಸವೆದಾಗ ಗ್ಯಾಸ್ ಕಟರ್ ಹಿಡಿಯಬೇಕು. ಗೇರ್ ಬಾಕ್ಸಿನ ಪ್ಲಗ್ ಬಿಚ್ಚಿ ನೋಡದೆ ಮನೆಗೆ ತರಬೇಡಿ. ಹಲವು ಯಂತ್ರಗಳು ಆಯಿಲ್ ಇಲ್ಲದೆಯೇ ಬರುತ್ತವೆ. 90 ನಂಬರಿನ ಗೇರ್ ಆಯಿಲ್ ಹಾಕಿ, ಮೊದಲ 50 ಗಂಟೆಗೆ ಬದಲಿಸಿ. ಶಕ್ತಿಮಾನ್, ಫೀಲ್ಡ್‌ಕಿಂಗ್‌ನಂಥ ದೊಡ್ಡ ಹೆಸರುಗಳಾಗಲಿ, ಊರಿನ ವರ್ಕ್‌ಶಾಪಿನದಾಗಲಿ, ತೀರ್ಮಾನಿಸುವುದು ಒಂದೇ ಪ್ರಶ್ನೆ: ಬ್ಲೇಡು, ಬೆಲ್ಟು, ಕ್ರಾಸ್ ಈಗಲೇ ಕೌಂಟರಿನಲ್ಲಿ ಇವೆಯೇ? "ತರಿಸಿಕೊಡ್ತೀವಿ ಸಾರ್" ಎಂದರೆ ಆಷಾಢದಲ್ಲಿ ಕಳೆ ಸೊಂಟಕ್ಕೆ ಬಂದಾಗಲೂ ಅದೇ ಉತ್ತರ.

ಸಹಾಯಧನಕ್ಕೆ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇರಬೇಕು, ಅರ್ಜಿ ಕೃಷಿ ಇಲಾಖೆಯ ಕೆ-ಕಿಸಾನ್ ಜಾಲತಾಣದ ಮೂಲಕ, ವಿಚಾರಣೆ ರೈತ ಸಂಪರ್ಕ ಕೇಂದ್ರದಲ್ಲಿ. ಪಟ್ಟಿಯಲ್ಲಿರುವ ಮಾದರಿಗಳಿಗೆ ಮಾತ್ರ ಹಣ. ಮೊದಲು ಕೊಂಡು ಆಮೇಲೆ ಅರ್ಜಿ ಹಾಕಿದರೆ ಕೆಲಸ ಕೆಡುತ್ತದೆ. ಪಟ್ಟಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ 9 ಅಡಿ ಸಾಲಿಗೆ 5 ಅಡಿಯದನ್ನು ತರುವುದೂ ಬೇಡ. ಪರೀಕ್ಷಾ ವರದಿ ಕೇಳಿ. ಅನಂತಪುರದ ಗಾರ್ಲದಿನ್ನೆಯಲ್ಲಿರುವ ಕೇಂದ್ರ ಸರ್ಕಾರದ ಯಂತ್ರ ಪರೀಕ್ಷಾ ಸಂಸ್ಥೆಯದಾದರೆ ಅದರಲ್ಲಿ ಬ್ಲೇಡಿನ ಉಕ್ಕಿನ ಗಡಸುತನ, ಬೇಕಾಗುವ ಬಲ ಬರೆದಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಕೃಷಿ ಯಂತ್ರಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ, ಹಳೆಯ ಕೊಟೇಶನ್ ಕೊಟ್ಟರೆ ವಾಪಸು ಕೊಡಿ. ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ನಂಬರ್, ಶಾಫ್ಟಿನ ಕವಚ, ಒಂದು ಜೊತೆ ಹೆಚ್ಚುವರಿ ಬ್ಲೇಡು, ಸಿಂಗಲ್ ಕ್ಲಚ್ಚಿನ ಟ್ರ್ಯಾಕ್ಟರಾದರೆ ಓವರ್‌ರನ್ನಿಂಗ್ ಕ್ಲಚ್, ಇಷ್ಟನ್ನೂ ಬರೆಸಿಕೊಂಡ ಮೇಲೆ ದುಡ್ಡು ಎಣಿಸಿ.